ಎರಡು ಸಾವಿರ ಆಳಿನ ಪಡಸಾಲೆ

ಅಡಿವೆಪ್ಪನವರ ಪಡಸಾಲೆಯ ಕಲ್ಲು ಎಬ್ಬಿಸಿದ ದಿನ ನಾನು ಅಲ್ಲಿಯೇ ಇದ್ದೆ. ಇರಲೇಬೇಕಿತ್ತು. ನಮ್ಮ ಊರಲ್ಲಿ ಯಾರಾದರೂ ಮನೆಯ ನೆಲಕ್ಕೆ ಹಾರೆ ತಾಗಿಸಬೇಕಾದರೆ ಪುರಸಭೆಯ ನೆಲ ಓದುವವನು ಹಾಜರಿರಬೇಕು ಎಂದು ಕಾನೂನಿದೆ. ಆ ಕೆಲಸದಲ್ಲಿ ನಾನು ಮೂವತ್ತೊಂದು ವರ್ಷ ಮೊಣಕಾಲು ಸವೆಸಿದ್ದೇನೆ. ಹೆಸರು ಕಳಕಪ್ಪ. ಮೂರಾಳಿನವನು.

ಮೂರಾಳು ಅಂದರೆ, ನಮ್ಮ ಅಡುಗೆಮನೆಯ ನೆಲದ ಮೇಲೆ ಒಂದು ಕಾಲದಲ್ಲಿ ನಿಂತಿದ್ದ ಸಮುದ್ರ ಮೂರು ಆಳಿನಷ್ಟು ಆಳವಿತ್ತು ಎಂದು ಅರ್ಥ. ಒಬ್ಬರ ಹೆಗಲ ಮೇಲೆ ಒಬ್ಬರಂತೆ ಮೂರು ಜನ ನಿಂತರೆ ಮೇಲಿನವನ ಮೂಗು ಹೊರಗೆ ಉಳಿದೀತು, ಅಷ್ಟೇ. ಆ ಸಮುದ್ರವನ್ನು ಕಂಡವರು ಹೋಗಲಿ, ಕಂಡವರನ್ನು ಕಂಡವರೂ ಊರಲ್ಲಿ ಇಲ್ಲ. ಆದರೂ ಯಾರು ಕುರ್ಚಿಯ ಮೇಲೆ ಕೂರಬೇಕು, ಯಾರು ಚಾಪೆಯ ಮೇಲೆ, ಯಾರು ಬಾಗಿಲಾಚೆ ನಿಂತು ಕೇಳಿಸಿಕೊಳ್ಳಬೇಕು ಎಂಬುದನ್ನೆಲ್ಲ ಇವತ್ತಿಗೂ ಅದೇ ತೀರ್ಮಾನಿಸುತ್ತದೆ. ನಮ್ಮಲ್ಲಿ ಯಾರೂ ನೆಲಕ್ಕೆ ಗಾರೆ ಹಾಕುವುದಿಲ್ಲ, ಸೆಗಣಿ ಸಾರಿಸುವುದಿಲ್ಲ. ಮನೆ ಕಟ್ಟುವವರು ಮಣ್ಣು ಸರಿಸಿ, ಹುಟ್ಟುಬಂಡೆ ಕಂಡಲ್ಲಿ ನಿಂತು, ಅದರ ಸುತ್ತ ಗೋಡೆ ಎಬ್ಬಿಸುತ್ತಾರೆ. ಬಂಡೆಯ ಮೇಲೆ ಯಾವ ಗೆರೆ ಇದೆಯೋ ಅದು ಆ ಮನೆಯ ಹಣೆಬರಹ.

ಗೆರೆ ಎಳೆದವು ಹುಳುಗಳು. ಆಗಿನ ಕಡಲ ತಳದಲ್ಲಿ ತೆವಳಿದ, ಕೊರೆದ, ಮೇಯ್ದ ಹುಳುಗಳು. ಹುಳು ಸತ್ತು ಕರಗಿಹೋಗಿದೆ. ಅದು ಹೋದ ದಾರಿ ಮಾತ್ರ ಕಲ್ಲಾಗಿ ಉಳಿದಿದೆ. ನನಗೆ ಈ ವಿದ್ಯೆ ಕಲಿಸಿದವಳು ಸೋದರತ್ತೆ ನಿಂಬೆವ್ವ. ಒದ್ದೆ ಬಟ್ಟೆಯಲ್ಲಿ ನೆಲ ಒರೆಸು, ಕಂದೀಲು ನೆಲಕ್ಕೇ ಇಟ್ಟು ಅಡ್ಡಬೆಳಕು ಬಿಡು, ಕೆನ್ನೆ ಬಂಡೆಗೆ ಹಚ್ಚಿ ನೋಡು ಎಂದು ಹೇಳಿಕೊಟ್ಟಳು. ನೆಲದ ತುಂಬ ಬರೀ ಚುಕ್ಕೆಗಳಿದ್ದರೆ ಅದು ದಡ. ಅಲೆ ಹೊಡೆಯುವ ಸಡಿಲ ಮರಳಲ್ಲಿ ಹುಳು ಕೊಚ್ಚಿಹೋಗದಂತೆ ನೆಟ್ಟಗೆ ಕೊಳವೆ ಕೊರೆದು ಒಳಗೆ ನಿಂತಿರುತ್ತದೆ. ಮೇಲಿನಿಂದ ನೋಡಿದವರಿಗೆ ಚುಕ್ಕೆ. ಒಂದರ ಮೇಲೊಂದು ಹಾಯ್ದ ಅಡ್ಡಾದಿಡ್ಡಿ ಜಾಡುಗಳಿದ್ದರೆ ನಡುನೀರು. ಪೊರಕೆ ಬೀಸಿದ ಹಾಗೆ ಬಾಗಿದ ಗೆರೆಗಳಿದ್ದರೆ ಇನ್ನೂ ಕೆಳಗೆ. ಒಂದನ್ನೊಂದು ಮುಟ್ಟದೆ, ಹೊಲ ಉತ್ತ ಸಾಲಿನ ಹಾಗೆ ಹೋಗಿ ತಿರುಗಿ ಬರುವ ಗೆರೆ, ಜೇನುಹುಟ್ಟಿನಂಥ ಬಲೆ ಕಂಡರೆ ಅದು ಬೆಳಕು ತಲುಪದ ಪಾತಾಳ. ಸಾವಿರಾಳಿನ ಮೇಲೆ.

ಸಾವಿರದ ಮೇಲಿನವರನ್ನು ಆಳದವರು ಎನ್ನುತ್ತಾರೆ, ಹತ್ತರ ಒಳಗಿನವರನ್ನು ದಡದವರು. ಪುರಸಭೆಯ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಕೆತ್ತಿಸಿದ್ದಾರೆ: ‘ಆಳವಿದ್ದವನು ಆಳಬೇಕು, ಇಲ್ಲದವನು ಆಳಾಗಬೇಕು.’ ಆಳದವರು ನಿಧಾನವಾಗಿ ಮಾತಾಡುತ್ತಾರೆ, ಅವರ ತಲೆಯ ಮೇಲೆ ಅಷ್ಟು ನೀರಿನ ಭಾರವಿದೆಯಂತೆ. ನೀರು ಸೀಳುವವರ ಹಾಗೆ ಕೈ ಬೀಸುತ್ತಾ ನಡೆಯುತ್ತಾರೆ. ಹಗಲಲ್ಲೂ ಕಿಟಕಿ ಮುಚ್ಚಿ ದೀಪ ಹಚ್ಚಿ ಕೂರುತ್ತಾರೆ. ಅವರ ಮಕ್ಕಳು ಬಿಳಿಚಿಕೊಂಡು, ಮಂದಗಣ್ಣಿನವರಾಗಿ ಬೆಳೆದರೆ ನೆಂಟರು ‘ಎಂಥ ಆಳದ ಕಳೆ’ ಎಂದು ದೃಷ್ಟಿ ತೆಗೆಯುತ್ತಾರೆ. ಅವರು ಒಂದು ಮಾತು ಮುಗಿಸುವವರೆಗೆ ದಡದವರು ಬಾಯಿ ತೆರೆಯಬಾರದು. ದಡದವರು ಮಾತ್ರ ಅಲೆ ಬಂದು ಬಾಯಿಗೆ ಬಡಿಯುವುದರೊಳಗೆ ಹೇಳಿ ಮುಗಿಸಬೇಕು. ನಲ್ಲಿಯಲ್ಲಿ ಮೊದಲು ಅವರ ಕೊಡ, ಕಡೆಗೆ ನಮ್ಮದು.

ಅಡಿವೆಪ್ಪನವರು ಎರಡು ಸಾವಿರದವರು. ಅವರ ಪಡಸಾಲೆಯ ನಟ್ಟನಡುವೆ ಪರಾತದಷ್ಟು ಅಗಲದ ಬಲೆ ಇದೆ, ಆರು ಮೂಲೆಯ ಒಂದೊಂದು ಕಣ್ಣೂ ಅಳೆದು ಕೊರೆದ ಹಾಗೆ. ಊರಲ್ಲಿ ಇನ್ನೊಬ್ಬರ ಮನೆಯಲ್ಲಿ ಬಲೆ ಇಲ್ಲವಾದ್ದರಿಂದ ಇಪ್ಪತ್ತೆರಡು ವರ್ಷದಿಂದ ಅವರೇ ಪುರಸಭೆಯ ಅಧ್ಯಕ್ಷರು. ಹಾಗೆ ನಡೆದುಕೊಂಡು ಹೋಗುತ್ತಿತ್ತು. ಆದರೆ ಆ ವರ್ಷ ಕೆಳಗಿನ ಓಣಿಯ ಒಬ್ಬ ಪಂಡಿತರು ತಮ್ಮ ಹಿತ್ತಲಲ್ಲಿಯೂ ಒಂದು ಸಣ್ಣ ಬಲೆ ಕಂಡಿದೆ ಎಂದು ಸುದ್ದಿ ಬಿಟ್ಟರು. ಅಡಿವೆಪ್ಪನವರಿಗೆ ನಿದ್ದೆ ಹೋಯಿತು. ಅವರು ನನ್ನನ್ನು ಕರೆಸಿ, ಒಂದೊಂದು ಅಕ್ಷರದ ನಡುವೆ ಒಂದೊಂದು ಉಸಿರು ಬಿಡುತ್ತಾ, ನೆಲಮಾಳಿಗೆ ಮಾಡಿಸುವ ವಿಚಾರ ಹೇಳಿದರು. “ಎರಡು ಸಾವಿರದ ಕೆಳಗ… ಮೂರು ಸಾವಿರ… ಇರಬೇಕಲ್ಲೋ, ಕಳಕಪ್ಪ.” ಇರಬೇಕ್ರಿ, ಎಂದೆ. ಕೆಳಗೆ ಹೋದಷ್ಟೂ ಆಳ ಹೆಚ್ಚು ಎನ್ನುವುದು ಎಮ್ಮೆಗೂ ಗೊತ್ತಿರುವ ಮಾತು. ಅದು ಎಮ್ಮೆಯ ಮಾತೇ ಎಂದು ನನಗೂ ಆಗ ಹೊಳೆಯಲಿಲ್ಲ.

ಕಲ್ಲು ಎಬ್ಬಿಸಲು ದುರಗವ್ವ ಬಂದಳು. ಊರ ಮೂಡಲಿಗೆ ಕಲ್ಲಿನ ಖಣಿ ಇದೆ. ಅಲ್ಲಿ ನಲವತ್ತು ಜನ ಒಡ್ಡುಗಲ್ಲಿನ ಮೇಲೆ ಗುಡಿಸಲು ಹಾಕಿಕೊಂಡಿದ್ದಾರೆ. ನೆಲ ಬರೀ ಚೂರುಗಲ್ಲಾದ್ದರಿಂದ ಪುರಸಭೆಯ ಕಡತದಲ್ಲಿ ಅವರಿಗೆ ‘ಆಳವಿಲ್ಲ’ ಎಂದು ಬರೆದಿದೆ, ನಾನೇ ಬರೆದದ್ದು. ದುರಗವ್ವ ಅವರಿಗೆಲ್ಲ ಹಿರಿಯಳು, ಐವತ್ತು ದಾಟಿದವಳು. ಉಳಿಯನ್ನು ಕಲ್ಲಿಗೆ ಇಟ್ಟು ಕಿವಿಗೊಟ್ಟು ಕೇಳಿ, ಎಲ್ಲಿ ಹೊಡೆದರೆ ಎಲ್ಲಿ ಬಿರಿಯುತ್ತದೆಂದು ಹೇಳಬಲ್ಲವಳು. ಅವಳು ಪಡಸಾಲೆಯನ್ನು ಒಂದು ಸುತ್ತು ನೋಡಿ ನನ್ನ ಕಿವಿಯಲ್ಲಿ ಕೇಳಿದಳು.

“ಯಣ್ಣಾ, ಖರೇನ ಎಬ್ಬಸಬೇಕೇನು? ಕೆಳಗ ಏನೈತಿ ಅಂತ ಇವರಿಗೆ ಗೊತ್ತೈತೇನು?”

“ಏನೈತಿ?”

“ನಾ ಹೇಳಿದ್ರ ಕೇಳೋರು ಯಾರು. ಎಬ್ಬಸೋಣು ತಗೋ.”

ನಾಲ್ಕು ಬೆರಳು ದಪ್ಪದ ಹಾಸುಗಲ್ಲು. ಸುತ್ತ ಸೀಳು ಬಿಡಿಸಿ, ಮರದ ಬೆಣೆ ಕೊಟ್ಟು, ಹಗ್ಗ ಹಾಕಿ, ಅವಳೂ ಇಬ್ಬರು ಗಂಡಾಳುಗಳೂ ಬಲೆಗೆ ಒಂದು ಕೂದಲೆಳೆ ಬಿರುಕು ಬೀಳದಂತೆ ಅದನ್ನು ಎತ್ತಿ ಗೋಡೆಗೆ ಆನಿಸಿದರು. ಅಡಿವೆಪ್ಪನವರು ಕೈಮುಗಿದುಕೊಂಡು ನಿಂತಿದ್ದರು. ನಾನು ಕೆಳಗಿನ ಬಂಡೆ ಒರೆಸಿದೆ, ಕಂದೀಲು ಇಟ್ಟೆ, ಕೆನ್ನೆ ಹಚ್ಚಿದೆ. ನಿಜ ಹೇಳಬೇಕೆಂದರೆ ಕಂದೀಲೂ ಬೇಕಿರಲಿಲ್ಲ. ಸಿಡುಬು ಬಂದು ಹೋದ ಮುಖದ ಹಾಗೆ ಬಂಡೆಯ ತುಂಬ ತೂತುಗಳು.

“ಎಷ್ಟು… ಬಂತು?” ಎಂದರು ಅಡಿವೆಪ್ಪನವರು.

“ಎರಡ್ರಿ.”

“ಎರಡು ಸಾವಿರ… ಹಳೇದಾತು. ಇದು… ಎಷ್ಟು?”

“ಬರೇ ಎರಡ್ರಿ ಅಧ್ಯಕ್ಷರ. ಎರಡಾಳು. ದಡ.”

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅಡಿವೆಪ್ಪನವರು ಬೇಗ ಮಾತಾಡಿದ್ದನ್ನು ಕೇಳಿದೆ. “ಬಾಗ್ಲಾ ಹಾಕ್ರೋ ಮೊದ್ಲ ಬಾಗ್ಲಾ ಹಾಕ್ರಿ ಯಾರ್ನೂ ಒಳಗ ಬಿಡಬ್ಯಾಡ್ರಿ ಯಾವ ಹಲ್ಕಾ ಸಮುದ್ರ ಇದು!” ಎಂದು ಒಂದೇ ಉಸಿರಿನಲ್ಲಿ ಕೂಗಿದರು. ನಮ್ಮ ಓಣಿಯ ಹೆಂಗಸರಿಗೂ ಅಷ್ಟು ಚುರುಕು ಬರಲಿಕ್ಕಿಲ್ಲ.

ದುರಗವ್ವ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಅಂದಳು, “ಸಿಟ್ಟಾಗಬ್ಯಾಡ್ರಿ ಸಾವ್ಕಾರ್ರ. ಖಣಿಯೊಳಗ ಬಂದು ನೋಡ್ರಿ. ಚುಕ್ಕಿ ಮ್ಯಾಲ ಬಲಿ, ಬಲಿ ಮ್ಯಾಲ ಮತ್ತ ಚುಕ್ಕಿ. ಸಮುದ್ರ ಬಂದೈತಿ, ಹೋಗೈತಿ, ಮತ್ತ ಬಂದೈತಿ. ಅದೇನು ನಿಮ್ಮ ಮನಿ ಒಂದ ಹಿಡಕೊಂಡು ಕುಂತಿತ್ತೇನು?”

ಅದನ್ನು ಅವಳು ಹೇಳಬಾರದಿತ್ತು. ಸಂಜೆಯೊಳಗೆ ಊರಲ್ಲಿ ಸುದ್ದಿಯಾಯಿತು: ಖಣಿಯ ದುರಗವ್ವ ಚುಕ್ಕೆಗಲ್ಲು ಹೊತ್ತು ತಂದು ಅಧ್ಯಕ್ಷರ ಬಲೆಯ ಕೆಳಗೆ ತುರುಕಿದ್ದಾಳೆ. ಎಂಟು ಜನ ಹೊರುವ ಕಲ್ಲನ್ನು ಒಬ್ಬಳು ಹ್ಯಾಗೆ ತಂದಳು, ಕೂತಿದ್ದ ಹಾಸಿನ ಅಡಿಗೆ ಹ್ಯಾಗೆ ತುರುಕಿದಳು ಎಂದು ಯಾರೂ ಕೇಳಲಿಲ್ಲ. ನಮ್ಮ ಊರವರಿಗೆ ಒಂದು ಒಳ್ಳೆಯ ಗುಣವಿದೆ, ನೆಮ್ಮದಿ ಕೊಡುವ ಮಾತಾದರೆ ಸಾಕ್ಷಿ ಕೇಳಿ ತೊಂದರೆ ಕೊಡುವುದಿಲ್ಲ. ಗುರುವಾರ ಸಭೆ ಎಂದು ಡಂಗುರ ಹೊಡೆಸಿದರು. ತಪ್ಪು ಸಾಬೀತಾದರೆ ಖಣಿ ಪುರಸಭೆಗೆ, ನಲವತ್ತು ಜನ ಊರಾಚೆಗೆ.

ಸಾಬೀತು ಮಾಡಬೇಕಾದವನು ನಾನು. ಮಂಗಳವಾರ ಅಡಿವೆಪ್ಪನವರು ಕರೆಸಿ, ಬರೆದಿಟ್ಟ ಕಾಗದವನ್ನು ಮುಂದಿಟ್ಟರು. ಕೆಳಗಿನ ಕಲ್ಲು ಹೊರಗಿನದು ಎಂದು ನಾನು ಸಹಿ ಹಾಕಬೇಕು. ಹಾಕಿದರೆ ನಮ್ಮ ಅಡುಗೆಮನೆಯನ್ನು ಮತ್ತೊಮ್ಮೆ ಓದಿಸಿ ಅರವತ್ತಾಳು ಮಾಡಿಕೊಡುವುದು, ಜೊತೆಗೆ ಸಭೆಯಲ್ಲಿ ನನಗೂ ನನ್ನ ಹೆಂಡತಿಗೂ ಕುರ್ಚಿ. ಕಾಗದ ಮನೆಗೆ ತಂದೆ. ಪಾರವ್ವ, ನನ್ನ ಹೆಂಡತಿ, ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಕೇಳಿ, “ಬರದು ಕೊಡ್ರಿ. ಮೂವತ್ತು ವರ್ಷ ಬಾಗಲಾಚೆ ನಿಂತ ಕೇಳೀನಿ, ಕಾಲು ಬಾವು ಬಂದಾವ. ಕಲ್ಲೇನು ಎದ್ದು ಬಂದು ನಿಮ್ಮನ್ನ ಕೇಳ್ತದೇನು?” ಎಂದಳು.

ನಾನು ಸತ್ಯವಂತನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೋಳಿಗೆ ಊಟಕ್ಕೆ ಒಂಬತ್ತಾಳನ್ನು ಹನ್ನೆರಡು ಮಾಡಿದ್ದೇನೆ. ಮದುವೆ ನಿಲ್ಲಬಾರದೆಂದು ಚುಕ್ಕೆಗಳ ನಡುವೆ ಇಲ್ಲದ ಜಾಡು ಕಂಡಿದ್ದೇನೆ. ಈ ಕಾಗದಕ್ಕೂ ಸಹಿ ಹಾಕುವವನೇ ಇದ್ದೆ, ಲೇಖನಿಯನ್ನು ಮಸಿಯಲ್ಲಿ ಅದ್ದಿಯೂ ಆಗಿತ್ತು. ಆಗ ಕೊನೆಯ ಸಾಲು ಕಣ್ಣಿಗೆ ಬಿತ್ತು: ‘ದಡದವನಾದ ಕಾರಣ ನನ್ನ ತಿಳಿವಳಿಕೆ ಆಳವಿಲ್ಲದ್ದು, ಹುಟ್ಟುಬಂಡೆ ಯಾವುದು, ತಂದಿಟ್ಟ ಕಲ್ಲು ಯಾವುದು ಎಂದು ಗುರುತಿಸಲಾರದೆ ಮೊದಲು ತಪ್ಪಾಗಿ ಓದಿದೆನು.’ ನನಗೆ ಮೈ ಉರಿಯಿತು. ಸುಳ್ಳುಗಾರ ಅನ್ನಿಸಿಕೊಳ್ಳಲು ನಾನು ಯಾವಾಗಲೂ ತಯಾರು. ದಡ್ಡ ಅನ್ನಿಸಿಕೊಳ್ಳಲು ಅಲ್ಲ. ನಿಂಬೆವ್ವತ್ತೆಯ ಕೈಯಲ್ಲಿ ಕಲಿತ ಕಣ್ಣು ಇದು. ಊರವರು ನನ್ನ ಧೈರ್ಯದ ಬಗ್ಗೆ ಆಮೇಲೆ ಏನೇನೋ ಹೇಳಿದರು. ಅಲ್ಲಿ ಇದ್ದದ್ದು ಇಷ್ಟೇ.

ಬುಧವಾರ ಬೆಳಿಗ್ಗೆ ಖಣಿಗೆ ಹೋದೆ. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ, ಆಳವಿಲ್ಲದವರ ಹತ್ತಿರ ಓದುವುದಕ್ಕೆ ಏನಿದೆ ಎಂದು. ಕಡಿದ ಗೋಡೆ ಮನೆಯೆತ್ತರ ನಿಂತಿತ್ತು, ಹಾಸಿನ ಮೇಲೆ ಹಾಸು. ದುರಗವ್ವ ಕೈಕೋಲಿನಿಂದ ಒಂದೊಂದನ್ನೇ ಮುಟ್ಟಿ ತೋರಿಸಿದಳು. ಚುಕ್ಕೆ, ಜಾಡು, ಸಾಲುಗೆರೆ, ಬಲೆ. ಮತ್ತೆ ಚುಕ್ಕೆ. ಊರಿನ ಎಲ್ಲ ಮನೆಗಳೂ ಆ ಗೋಡೆಯಲ್ಲಿದ್ದವು, ಒಂದರ ತಲೆಯ ಮೇಲೆ ಒಂದು ಕೂತಿದ್ದವು. ನಮ್ಮ ಊರು ಇಳಿಜಾರಿನಲ್ಲಿದೆ. ಯಾರ ಅಜ್ಜ ಯಾವ ಕಲ್ಲುಹಾಸು ಕಂಡಾಗ ಸುಸ್ತಾಗಿ ಗುದ್ದಲಿ ಕೆಳಗಿಟ್ಟನೋ ಅದು ಅವರ ವಂಶದ ಆಳವಾಗಿತ್ತು.

“ಇದು ಇಷ್ಟು ದಿನ ಯಾಕ ಹೇಳಲಿಲ್ಲ ದುರಗವ್ವ?”

“ಯಾರು ಕೇಳಿದ್ರಿ?” ಎಂದಳು. ಆಮೇಲೆ ಸಾಲುಗೆರೆಯ ಒಂದು ಚೂರನ್ನು ನನ್ನ ಕೈಗೆ ಕೊಟ್ಟಳು. “ಇದನ್ನ ನೋಡು ಯಣ್ಣಾ. ಹೋಗಿ, ಹೊಳ್ಳಿ, ಮತ್ತ ಹೋಗಿ. ಒಂದು ಕಾಳು ಬಿಡದಂಗ, ಮೇದ ಜಾಗಾ ಮತ್ತ ಮೇಯದಂಗ. ಯಾವಾಗ ಹಿಂಗ ಉಣ್ತಾರ ಹೇಳು? ತಾಟಿನ್ಯಾಗ ಒಂದ ತುತ್ತು ಇದ್ದಾಗ. ಉಪವಾಸದ ಹುಳ ಇದು. ಚುಕ್ಕಿ ಹುಳ ಹಂಗಲ್ಲ, ಅಲಿ ತಂದು ಬಾಯಾಗ ಹಾಕ್ತಿತ್ತು, ನಿಂತಲ್ಲೇ ತಿಂತಿತ್ತು. ಆದ್ರ ಪಾಪ, ಯಾವಾಗ ಕೊಚ್ಚಿ ಹೋಗ್ತೀನೋ ಅಂತ ಹೆದರಿಕಿ.”

“ಹಂಗಾರ ಗೆರಿ ಆಳ ಹೇಳೂದಿಲ್ಲೇನು?”

“ಆಳ ಹೇಳತಾವೋ ಇಲ್ಲೋ ನನಗ ತಿಳೀದು. ಹಸಿವಿ ಹೇಳತಾವ.”

ನಾನು ಆ ಚೂರನ್ನು ಬಿಸಿಲಿಗೆ ಓರೆಮಾಡಿ ಹಿಡಿದೆ. ಸಾವಿರ ಮನೆಗಳಲ್ಲಿ ಕೆನ್ನೆ ಹಚ್ಚಿ ನೋಡಿದ್ದೆ. ಹುಳು ಎಷ್ಟು ನೀರಿನ ಕೆಳಗಿತ್ತು ಎಂದು ಲೆಕ್ಕ ಹಾಕಿದ್ದೆನೇ ಹೊರತು ಅದಕ್ಕೆ ಊಟವಾಗಿತ್ತೇ ಎಂದು ಒಂದು ಸಲವೂ ಯೋಚಿಸಿರಲಿಲ್ಲ.

ಗುರುವಾರ ಸಭೆ ಅಡಿವೆಪ್ಪನವರ ಪಡಸಾಲೆಯಲ್ಲೇ ಸೇರಿತು. ಕುರ್ಚಿಯವರು ಕುರ್ಚಿಯಲ್ಲಿ, ಚಾಪೆಯವರು ಚಾಪೆಯಲ್ಲಿ, ಬಾಗಿಲಾಚೆ ನಮ್ಮ ಮಂದಿ, ಅವರ ಹಿಂದೆ ಖಣಿಯ ನಲವತ್ತು ಜನ. ಅಡಿವೆಪ್ಪನವರು ಹತ್ತಕ್ಕೆ ಆರೋಪ ಶುರು ಮಾಡಿದವರು ಮುಗಿಸುವಾಗ ನೆತ್ತಿಯ ಮೇಲೆ ಬಿಸಿಲು ಬಂದಿತ್ತು. ಕೊನೆಗೆ ನನ್ನ ಕಡೆ ಕೈ ಮಾಡಿದರು. ನಾನು ಕಾಗದ ತೆಗೆಯಲಿಲ್ಲ. “ಕಲ್ಲು ಮತ್ತ ಇದ್ದಲ್ಲೇ ಕೂಡಸ್ರಿ,” ಎಂದೆ.

ದುರಗವ್ವ ನನ್ನ ಮುಖ ನೋಡಿದಳು, ಅವಳಿಗೆ ತಿಳಿಯಿತು. ಆಳುಗಳನ್ನು ಕರೆದು ಹಾಸನ್ನು ಇಳಿಸಿದಳು. ಕಲ್ಲು ಕೂರಲಿಲ್ಲ, ಕಾಲು ಮುರಿದ ಮಂಚದ ಹಾಗೆ ಅಲ್ಲಾಡಿತು. ಕುರ್ಚಿಯಲ್ಲಿದ್ದವರು ಒಬ್ಬರನ್ನೊಬ್ಬರು ನೋಡಿ ತೂಕವಾಗಿ ನಕ್ಕರು. ಅವಳು ಬಗ್ಗಿ, ಹಾರೆಯ ತುದಿಯಿಂದ ಒಂದು ಬೆರಳಿನಷ್ಟು ಎಡಕ್ಕೆ ಸರಿಸಿದಳು. ಕಲ್ಲು ಗಡಿಗೆಯ ಬಾಯಿಗೆ ಮುಚ್ಚಳ ಕೂತ ಹಾಗೆ ಕೂತಿತು. ಕೂದಲು ತೂರಿಸುವಷ್ಟೂ ಸಂದಿಯಿಲ್ಲ. ಮತ್ತೆ ಎತ್ತಿಸಿದೆ. ಈ ಸಲ ಹಾಸಿನ ಅಡಿಯನ್ನು ಎಲ್ಲರ ಕಡೆ ತಿರುಗಿಸಿದೆ. ಅಡಿಯ ತುಂಬ ಉಬ್ಬಿ ನಿಂತ ಸಣ್ಣ ಸಣ್ಣ ಗುಬ್ಬಿಗಳು, ಮಗುವಿನ ಹೆಬ್ಬೆಟ್ಟಿನಷ್ಟು. ಕೆಳಗಿನ ಒಂದೊಂದು ತೂತಿಗೂ ಮೇಲೆ ಒಂದೊಂದು ಗುಬ್ಬಿ.

“ದಡದಾಗ ಹುಳ ತೂತು ಕೊರದಿತ್ರಿ,” ಎಂದೆ. “ಆಮ್ಯಾಗ ನೀರು ಏರಿತು, ಮ್ಯಾಲ ಕೆಸರು ಬಿತ್ತು, ತೂತಿನ ಬಾಯಾಗ ತುಂಬಕೊಂತು. ಅದ ಈ ಗುಬ್ಬಿ. ಕಪ್ಪಿಚಿಪ್ಪಾದ್ರ ಅಲಿ ಹೊತ್ತು ಇನ್ನೊಂದು ಕಡೆ ಹಾಕೀತು. ಹೆಜ್ಜಿ ಯಾರು ಹೊರ್ತಾರ? ಸಾವಿರ ಗುಬ್ಬಿಗೆ ಸಾವಿರ ತೂತು ಹೊಂದಿಸಿ ತರಾಕ ದುರಗವ್ವ ಏನು ಸಮುದ್ರೇನ್ರಿ?”

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೂವತ್ತೊಂದು ವರ್ಷ ಅಲ್ಲಲ್ಲಿ ನುಂಗಿದ್ದ ಮಾತು, ಒಮ್ಮೆ ಹೊರಗೆ ಬರತೊಡಗಿದರೆ ನಿಲ್ಲುವುದಿಲ್ಲ. ಖಣಿಯಲ್ಲಿ ಕಂಡದ್ದನ್ನು ಹೇಳಿದೆ. ಸಾಲುಗೆರೆ, ಬಲೆ ಎಲ್ಲವೂ ಹಸಿದ ಹುಳುಗಳ ಬದುಕು ಎಂದೂ ಹೇಳಿದೆ. ಒಂಬೈನೂರಾಳಿನ ಮುದುಕಿಯೊಬ್ಬಳು ಕುರ್ಚಿಯಿಂದ ಬಗ್ಗಿ, ಬಹಳ ನಿಧಾನವಾಗಿ, “ಹಂಗಾರ… ನಾವು ಹೆಮ್ಮೆ ಪಟ್ಟದ್ದು… ಉಪವಾಸಕ್ಕೇನೋ?” ಎಂದಳು. ಬಾಗಿಲಾಚೆ ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು. ಆಮೇಲೆ ಓಣಿಗೆ ಓಣಿಯೇ ನಕ್ಕಿತು. ಅವರು ಹಾಗೆ ಒಟ್ಟಿಗೆ ನಕ್ಕದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಸಭೆ ಠರಾವು ಮಾಡಿತು: ಇದು ಸಮುದ್ರದ ಅಚಾತುರ್ಯದಿಂದ ಆದದ್ದು, ಯಾವ ವ್ಯಕ್ತಿಯೂ ಹೊಣೆಯಲ್ಲ. ದುರಗವ್ವನ ಖಣಿ ಉಳಿಯಿತು. ತಪ್ಪಾಯಿತು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಕಲ್ಲನ್ನು ಜೋಪಾನವಾಗಿ ವಾಪಸು ಕೂಡಿಸಿ ಹೋಗು ಎಂದರು. ಎರಡನೇ ಠರಾವಿನಲ್ಲಿ, ಹತ್ತು ಜನರೆದುರು ನೆಲದ ಮಾನ ಕಳೆದದ್ದಕ್ಕೆ ನನ್ನನ್ನು ಕೆಲಸದಿಂದ ತೆಗೆದರು. ನನ್ನ ಜಾಗಕ್ಕೆ ಅಡಿವೆಪ್ಪನವರ ಅಳಿಯ ಬಂದ. ಅವನು ಆಳದವನು, ಬಗ್ಗುವುದಿಲ್ಲ. ಕುರ್ಚಿಯಲ್ಲಿ ಕೂತೇ ಓದುತ್ತಾನೆ.

ಇನ್ನು ಊರಿನ ಕಣ್ಣು ತೆರೆಯಿತು, ಆಳದ ಕಾಲ ಮುಗಿಯಿತು ಎಂದುಕೊಂಡೆ. ಮರುದಿನ ಬೆಳಕು ಹರಿಯುವಾಗ ದುರಗವ್ವನ ಗುಡಿಸಲ ಮುಂದೆ ಇಪ್ಪತ್ತು ಜನ ಸಾಲು ನಿಂತಿದ್ದರು. ಬಲೆಯ ಕೆಳಗೆ ಚುಕ್ಕೆ ಇರಬಹುದಾದರೆ ಚುಕ್ಕೆಯ ಕೆಳಗೆ ಬಲೆ ಇರಲೇಬೇಕು, ನಮ್ಮನೆಯ ಕಲ್ಲು ಎಬ್ಬಿಸು ಎನ್ನುವವರು. ನನ್ನ ಮಾತಿನಲ್ಲಿ ಊರು ಕೇಳಿಸಿಕೊಂಡದ್ದು ಅಷ್ಟೇ. ವಾರದೊಳಗೆ ಮನೆಮನೆಯಲ್ಲೂ ಹಾರೆಯ ಸದ್ದು. ಸಾಲಿ ಮಾಸ್ತರ ಸಂಗನಬಸಪ್ಪನಿಗೆ ಇನ್ನೂರಾಳು ಸಿಕ್ಕಿತು. ಅವತ್ತೇ ಸಂಜೆಯಿಂದ ಅವನು ಮಾತು ನಿಧಾನ ಮಾಡಿದ, ಮಗ್ಗಿ ಹನ್ನೆರಡಕ್ಕೆ ಹೋಗುವಷ್ಟರಲ್ಲಿ ಗಂಟೆ ಹೊಡೆಯತೊಡಗಿತು. ಎಣ್ಣೆ ಅಂಗಡಿಯ ಮಲಕಾಜಿ ನಲವತ್ತಾಳು ಒಡೆದು ಹದಿನೈದು ಪಡೆದು, ತಲೆ ಚಚ್ಚಿಕೊಂಡು ಇನ್ನೂ ಅಗೆದು ನಾಲ್ಕಕ್ಕೆ ಬಂದ. ಅಡಿವೆಪ್ಪನವರೂ ಬಂದರು. ದುರಗವ್ವ ಉಳಿ ಮಸೆಯುತ್ತಾ, ತಲೆ ಎತ್ತದೆ, “ಸರದಿ ಐತ್ರಿ, ಹಿಂದ ನಿಲ್ರಿ,” ಎಂದಳಂತೆ. ಅವರು ಒಬ್ಬ ಎರಡಾಳಿನವನ ಹಿಂದೆ ನಿಂತರು.

ಪಾರವ್ವ ನನ್ನ ಜೊತೆ ಎಂಟು ದಿನ ಮಾತಾಡಲಿಲ್ಲ. ಒಂಬತ್ತನೆಯ ದಿನ ಒಲೆಯ ಪಕ್ಕದ ಗಡಿಗೆಗಳನ್ನೆಲ್ಲ ಹೊರಗಿಟ್ಟು, “ಇಲ್ಲಿಂದ ಸುರು ಮಾಡಸ್ರಿ,” ಎಂದಳು.

“ಊರಿಗೆಲ್ಲ ಬುದ್ಧಿ ಹೇಳಿದವ ನಾ. ನಮ್ಮನ್ಯಾಗ ಅಗಸಲೇನು?”

“ಊರಿಗೆ ಹೇಳಿದ್ದು ಊರಿಗಾತು. ನಿಮ್ಮ ಬುದ್ಧಿ ಮ್ಯಾಲ ನಾ ಕುಂಡ್ರಾಕ ಬರತದೇನು? ನನಗ ಕುರ್ಚಿ ಬೇಕು.”

ಸುಳ್ಳು ಯಾಕೆ, ನನಗೂ ಆಸೆ ಇತ್ತು. ದುರಗವ್ವ ನಗುನಗುತ್ತಲೇ ಬಂದಳು. ಗೋಡೆಗಳ ಹತ್ತಿರ ಹೋಗದೆ ನಡುವಿನದಷ್ಟನ್ನೇ ಎಬ್ಬಿಸಿದಳು. ಚುಕ್ಕೆಯ ಹಾಸಿನ ಕೆಳಗೆ ಸಿಕ್ಕಿದ್ದು ಕರಿಗಲ್ಲು. ಒರೆಸಿದೆ. ಕಂದೀಲು ಇಟ್ಟೆ. ಕೆನ್ನೆ ಹಚ್ಚಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತೆವಳಿದೆ. ಒಂದು ಚುಕ್ಕೆಯಿಲ್ಲ, ಒಂದು ಗೆರೆಯಿಲ್ಲ. ಯಾರೂ ಬರೆಯದ ಸ್ಲೇಟಿನ ಹಾಗೆ ಉಳಿದಿತ್ತು.

“ಖಣಿಯೊಳಗ ಎಲ್ಲಾದಕ್ಕೂ ಕೆಳಗ ಇದ ಇರೂದು,” ಎಂದಳು ದುರಗವ್ವ. “ಒಡದ್ರ ಗಟಾರ ನಾತ ಬರ್ತದ. ನೀರು ನಿಂತು ಸತ್ತಿತ್ತು ಅಂತ ಕಾಣಸ್ತದ. ಹುಳ ಬದಕಾಕ ಉಸರು ಬೇಕಲ್ಲ.”

ಹಸಿವು ಕೂಡ ಬದುಕದ ಜಾಗ. ನಾನು ನೆಲದ ಮೇಲೇ ಕೂತುಬಿಟ್ಟೆ. ಮೇಲಿನ ಕಲ್ಲು ಮತ್ತೆ ಹಾಕಿಸೋಣವೇ ಎಂದು ಪಾರವ್ವನನ್ನು ಕೇಳಿದೆ. ಅವಳು ಕರಿಗಲ್ಲಿನ ಮೇಲೆ ಅಂಗೈ ಆಡಿಸುತ್ತಿದ್ದಳು. ಆ ಚುಕ್ಕೆಗಳಲ್ಲಿ ಸೇರಿದ ಹಿಟ್ಟನ್ನೂ ಇರುವೆಯನ್ನೂ ಮೂವತ್ತು ವರ್ಷ ಕಡ್ಡಿಯಿಂದ ಕೆದಕಿದವಳು. “ಬ್ಯಾಡ,” ಎಂದಳು. “ಒರಸಾಕ ಹಗೂರ ಐತಿ.”

ಹೊಸ ಓದುಗ ಬಂದ. ಕುರ್ಚಿ ಹಾಕಿಸಿಕೊಂಡು ಮಧ್ಯಾಹ್ನದವರೆಗೆ ನೋಡಿದ. ಏನು ಬರೆಯಬೇಕೆಂದು ತಿಳಿಯದೆ ಆಳದ ಕಡೆ ಖಾಲಿ ಬಿಟ್ಟು ಹೋದ. ಮರುದಿನ ನಲ್ಲಿಯಲ್ಲಿ ಪಾರವ್ವನಿಗೆ ಸಾಲಿನಲ್ಲಿ ಜಾಗವೇ ಇರಲಿಲ್ಲ, ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಎರಡು ದಿನ ಬರಿಗೊಡ ತಂದಳು. ಮೂರನೆಯ ದಿನ ನೇರ ಹೋಗಿ ನಲ್ಲಿಗೆ ಕೊಡ ಹಿಡಿದಳು. ನಿನ್ನ ಸರದಿಯಲ್ಲ ಎನ್ನಲು ಯಾರಿಗೂ ಆಧಾರ ಸಿಗಲಿಲ್ಲ. ಮುಂದಿನ ಸಭೆಯಲ್ಲಿ ಒಳಗೆ ಹೋಗಿ ಒಂದು ಕುರ್ಚಿಯಲ್ಲಿ ಕೂತಳು. ಎಷ್ಟಾಳಿನವಳು ನೀನು ಎಂದು ಕೇಳಿದವರಿಗೆ, “ಬರದಿಲ್ರಿ, ಬೇಕಾರ ಕಡತ ತಗದು ನೋಡ್ರಿ,” ಎಂದಳು. ಅವಳನ್ನು ಎಬ್ಬಿಸಲು ಕಾನೂನಿರಲಿಲ್ಲ. ಸಭೆ ಮುಗಿಯುವವರೆಗೆ ಕಾಲು ಚಾಚಿ ಕೂತಿದ್ದಳು.

ಎರಡು ದಿನ ಬಿಟ್ಟು ಮಧ್ಯಾಹ್ನ ಅಡಿವೆಪ್ಪನವರು ಒಬ್ಬರೇ ನಮ್ಮ ಮನೆಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಕರಿನೆಲದ ಮುಂದೆ ನಿಂತು, ದನಿ ಇಳಿಸಿ ಕೇಳಿದರು. “ಕಳಕಪ್ಪ, ನಿನಗ ಗೊತ್ತಿರತದ. ಓದಾಕ ಬರದಷ್ಟು ಆಳ ಇರಬೇಕಲ್ಲ ಇದು? ಎಷ್ಟು?” ಪಾರವ್ವ ಹಿತ್ತಲಲ್ಲಿದ್ದಳು. ಸತ್ತ ನೀರಿನ ಕಲ್ಲು ಎಂದು ಹೇಳಲು ಬಾಯಿ ತೆರೆದೆ. ಎದುರಿಗೆ ಆ ಮನುಷ್ಯ ನನಗೆ ಕೈಮುಗಿದು ನಿಂತಿದ್ದ.

“ಹತ್ತು ಸಾವಿರ್ರಿ,” ಎಂದೆ.

ಅವರು ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಬಂದದ್ದಕ್ಕಿಂತ ಎರಡರಷ್ಟು ಬೇಗ ಹೋದರು. ಒಮ್ಮೆ ಸತ್ಯ ಹೇಳಿ ಕೆಲಸ ಕಳೆದುಕೊಂಡಿದ್ದೆ. ಒಂದು ಸುಳ್ಳಿಗೆ ಅಧ್ಯಕ್ಷರು ನನ್ನ ನೆಲಕ್ಕೆ ನಮಸ್ಕಾರ ಮಾಡಿದ್ದರು. ಅವತ್ತು ನಾಲ್ಕು ರೊಟ್ಟಿ ಹೆಚ್ಚು ತಿಂದೆ.

ಮರುದಿನ ಬೆಳಿಗ್ಗೆ ದುರಗವ್ವ ಹಾರೆ ಹೆಗಲಿಗಿಟ್ಟು ಬಾಗಿಲಲ್ಲಿ ನಿಂತಿದ್ದಳು. ಅವಳು ನಗುತ್ತಿರಲಿಲ್ಲ.

“ಅಧ್ಯಕ್ಷರಿಗೆ ನೀ ಏನಂತ ಹೇಳಿದಿ ಯಣ್ಣಾ? ನಸಕಿನ್ಯಾಗ ಊರ ಮಂದಿಯೆಲ್ಲ ಬಂದು ಕರಿಗಲ್ಲು ಬೇಕಂತಾರ, ಗ್ವಾಡಿಯಿಂದ ಗ್ವಾಡಿಗೆ. ಕರಿಗಲ್ಲು ಮೆತ್ತಗಿನ ಕಲ್ಲು. ಗಾಳಿ ಬಡದು ನಾಕ ಮಳಿ ಕುಡದ್ರ ಹಪ್ಪಳಾಗತದ. ಅದರ ಮ್ಯಾಲ ಗ್ವಾಡಿ ನಿಲ್ಲಂಗಿಲ್ಲ. ನಾ ಒಲ್ಲೆ ಅಂದೆ. ಈಗ ತಾವ ಹಾರಿ ಹಿಡದಾರ.”

ನಾನು ಅವಳ ಮುಖ ನೋಡಲಿಲ್ಲ. ಒಳಗಿನಿಂದ ಪಾರವ್ವ ಬಂದು ನಿಂತಳು. ಎಲ್ಲ ಕೇಳಿಸಿಕೊಂಡಿದ್ದಳು. ಬೈಯಲಿಲ್ಲ. ಗೂಟದಲ್ಲಿದ್ದ ನನ್ನ ಅಂಗಿ ತೆಗೆದು ಕೈಗೆ ಕೊಟ್ಟಳು, ಅಷ್ಟೇ.

ಮೊದಲು ಅಡಿವೆಪ್ಪನವರ ಮನೆಗೆ ಹೋದೆ. ಹತ್ತು ಸಾವಿರ ಅಂದದ್ದು ಸುಳ್ಳು, ಅದು ಕೊಳೆತ ನೀರಿನ ಕಲ್ಲು, ಗೋಡೆ ಬೀಳುತ್ತದೆ ಎಂದೆ. ಬಲೆಯ ಹಾಸು ಎರಡು ತುಂಡಾಗಿ ಅಂಗಳದಲ್ಲಿ ಬಿದ್ದಿತ್ತು, ಅವರು ಎದೆಮಟ್ಟದ ಗುಂಡಿಯಲ್ಲಿ ನಿಂತಿದ್ದರು. ಬೆವರು ಒರೆಸಿಕೊಂಡು ಕನಿಕರದಿಂದ ನನ್ನನ್ನು ನೋಡಿದರು. “ತಿಳೀತದೋ ಕಳಕಪ್ಪ. ಮ್ಯಾಲ ಬಂದವರು ನಿಚ್ಚಣಿಕಿ ಎಳಕೊಳ್ಳೂದು ಲೋಕಾರೂಢಿ. ನಾನೂ ಎಳಕೊಂಡಾವನ,” ಎಂದರು. ಮಾಸ್ತರ ಬಾಗಿಲು ತೆರೆಯಲಿಲ್ಲ. ಮಲಕಾಜಿ, ನಿನ್ನೆ ಅಧ್ಯಕ್ಷರಿಗೆ ಹೇಳಿದ್ದು ಸುಳ್ಳೋ ಇವತ್ತಿನದು ಸುಳ್ಳೋ ಎಂದು ಕೇಳಿದ. ಒಂಬೈನೂರಾಳಿನ ಮುದುಕಿಯ ಮೊಮ್ಮಕ್ಕಳು ನಾಯಿ ಬಿಟ್ಟರು. ಒಂದು ಕಡೆ ಕೂಗಿ ಹೇಳಿದೆ, ಒಂದು ಕಡೆ ಕಾಲು ಹಿಡಿದೆ. ಹೊತ್ತು ಇಳಿಯುವುದರೊಳಗೆ ಎಪ್ಪತ್ತು ಬಾಗಿಲು ಬಡಿದಿದ್ದೆ.

ನನ್ನ ಮಾತು ನಂಬಿದ್ದು ಒಂದೇ ಮನೆ. ಊರ ಕಡೆಯ ಓಣಿಯಲ್ಲಿ, ಒಂದಾಳಿನ ನೆಲದ ಮೇಲೆ, ಬುಟ್ಟಿ ಹೆಣೆಯುವ ಯಂಕವ್ವ ಮೂರು ಮಕ್ಕಳನ್ನು ಕಟ್ಟಿಕೊಂಡು ಕೂತಿದ್ದಳು. ನಾನು ಹೇಳುವುದನ್ನೆಲ್ಲ ಪೂರ್ತಿ ಕೇಳಿದಳು. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದುಕೊಟ್ಟಳು.

“ನಂಬತೀನಿ ಬಿಡ್ರಿ ಯಣ್ಣಾ,” ಎಂದಳು. “ಅಗಿಯಾಕ ನಮ್ಮನ್ಯಾಗ ಹಾರಿ ಎಲ್ಲೈತಿ?”